ಕಮ್ಮಿ ಖರ್ಚಲ್ಲಿ ಮಲಗೋ ಟ್ರೈಲರ್ ಕಟ್ಟಬೇಕು, ಮೂಡಿಗೆರೆ ಕಡೆಯವನು, ದಾರಿ ತೋರಿಸಿ

ಕಣದಕಾವಲು (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ತೋಟ, ಕಾಫಿ, ಮಧ್ಯೆ ಮೆಣಸು. ಕುಯ್ಲು ಶುರುವಾದರೆ ಎರಡು ಮೂರು ತಿಂಗಳು ಕಣದಲ್ಲಿ ಕಾಫಿ ಒಣಗ್ತಾ ಇರುತ್ತೆ, ರಾತ್ರಿ ಒಬ್ಬರು ಅಲ್ಲೇ ಮಲಗಲೇಬೇಕು. ಇಷ್ಟು ವರ್ಷ ಅಪ್ಪ ಟಾರ್ಪಾಲ್ ಕಟ್ಟಿ, ಹಳೇ ಮಂಚ ಹಾಕ್ಕೊಂಡು ಕಾಯ್ತಿದ್ರು. ಹೋದ ವರ್ಷ ಇಬ್ಬನಿಗೆ ಎದೆ ಕಟ್ಟಿ ಹದಿನೈದು ದಿನ ಕೆಮ್ಮಿದರು. ಅವತ್ತಿಂದ ತಲೆಗೆ ಹುಳ ಹೊಕ್ಕಿದೆ. ಚಕ್ರ ಇರೋ ಒಂದು ಪುಟ್ಟ ಗೂಡು ಕಟ್ಟಿಬಿಟ್ಟರೆ ಕುಯ್ಲಲ್ಲಿ ಕಣಕ್ಕಾಯ್ತು, ಬೇಸಿಗೆಯಲ್ಲಿ ನಾನೂ ನಮ್ಮನೆಯವಳೂ ಅಯ್ಯನಕೆರೆ, ಗೊರೂರು ಹಿನ್ನೀರು ಅಂತ ಸುತ್ತೋಕಾಯ್ತು.

ಅಮೆರಿಕದವರ ಟಿಯರ್‌ಡ್ರಾಪ್ ಟ್ರೈಲರ್ ನೋಡಿ ಮರುಳಾಗಿದೀನಿ. ಹನಿ ಆಕಾರ, ಒಳಗೆ ಹಾಸಿಗೆ ಮಾತ್ರ, ಹಿಂದಿನ ಮುಚ್ಚಳ ಎತ್ತಿದರೆ ಅಡುಗೆ ಕಟ್ಟೆ. 1930ರ ದಶಕದಿಂದಲೇ ಅಲ್ಲಿನ ಜನ ಮನೆ ಶೆಡ್ಡಲ್ಲಿ ತಾವೇ ಕಟ್ಟಿಕೊಂಡು ಬಂದಿದ್ದಾರೆ. ನನ್ನ ಲೆಕ್ಕ ಹೀಗಿದೆ: 8 ಅಡಿ ಉದ್ದ, 4 ಅಡಿ ಅಗಲ, ಗಟ್ಟಿಯಾಗಿರಲಿ ಅಂತ ಎಲ್ಲಾ ಕಡೆ 18 ಎಂಎಂ ಪ್ಲೈ. ಗುಜರಿಯಲ್ಲಿ ಓಮ್ನಿ ಹಿಂದಿನ ಆಕ್ಸಲ್ 5,000ಕ್ಕೆ ಕೊಡ್ತೀನಿ ಅಂದಿದ್ದಾರೆ, ಅದನ್ನ ಸರಿಯಾಗಿ ನಡುಮಧ್ಯ ಕೂರಿಸೋದು. ಎಳೆಯೋಕೆ ಮನೆ ಬೊಲೆರೋ. ಜೇಬಲ್ಲಿರೋದು 60,000. ಅಮ್ಮ ಆಗಲೇ "ಮನೆ ಇದ್ದವನು ಗುಡಿಸಲು ಕಟ್ಟಕ್ಕೆ ಹೊರಟ" ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದಾರೆ. ತಪ್ಪಿದ್ದರೆ ಈಗಲೇ ಹೇಳಿ.

ಗ್ಯಾರೇಜ್_ಹಾಸನ

ಗುರೂ, ಓಮ್ನಿ ಆಕ್ಸಲ್ ಬ್ಯಾಡ. ಅದು ಹಿಂದಿನ ಚಕ್ರ ತಿರುಗೋ ಗಾಡಿ, ನಡುವೆ ಚಕ್ರ ತಿರುಗ್ಸೋ ಗೇರಿನ ಕ್ರೌನ್ ಡಬ್ಬ ಇರ್ತದೆ. ಎಳೆಸ್ಕೊಂಡು ಹೋಗೋ ಗಾಡಿಗೆ ಅದ್ಯಾಕೆ? ಸುಮ್ನೆ ಭಾರ, ಒಳಗೆ ಆಯಿಲ್ ಬೇರೆ, ಸೀಲ್ ಹೋದ್ರೆ ಸೋರ್ತದೆ. 800 ಇಲ್ಲಾ ಆಲ್ಟೋ ಹಿಂದಿನ ಡಮ್ಮಿ ಆಕ್ಸಲ್ ಹುಡುಕು. ಬರೀ ಪೈಪು, ಎರಡು ತುದಿಗೆ ಹಬ್ಬು. ರಿಮ್ ಚಿಂತೆ ಇಲ್ಲ, ಓಮ್ನಿ, 800, ಆಲ್ಟೋ ಮೂರಕ್ಕೂ ನಾಲ್ಕೇ ಬೋಲ್ಟು, ಬೋಲ್ಟು ಕೂರೋ ವೃತ್ತದ ಅಳತೆ (ಪಿಸಿಡಿ) 114.3 ಎಂಎಂ, ಯಾವ ಗುಜರೀಲಾದ್ರೂ ಬಿದ್ದಿರ್ತವೆ. ಸ್ಟೆಪ್ನಿಗೂ ಒಂದು ಎತ್ತಾಕ್ಕೊ.

ಆಲ್ಟೋ ಟೈರು 145/80 ಆರ್12, ಲೋಡ್ ಇಂಡೆಕ್ಸ್ 74. ಅಂದ್ರೆ ಒಂದು ಟೈರು 375 ಕೆಜಿ ತಡೀತದೆ, ಎರಡು ಸೇರಿ 750. ಅದೂ ಪೂರಾ ಗಾಳಿ ಇದ್ರೆ. ಹಾಗಂತ 750 ತುಂಬಬ್ಯಾಡ, ನಮ್ಮ ರಸ್ತೆ ಗುಂಡಿ ನಿಂಗೆ ಗೊತ್ತಲ್ಲ. 450 ಒಳಗೆ ನಿಲ್ಸು.

ಇನ್ನೊಂದು, ಆ ಆಕ್ಸಲ್‌ಗೆ ಕಂಪನಿಯಿಂದ ಬರೋದು ಕಾಯಿಲ್ ಸ್ಪ್ರಿಂಗು. ಅದರ ಆರ್ಮು, ರಾಡು ಎಲ್ಲಾ ಕೂರಿಸ್ತಾ ಹೋದ್ರೆ ನಿನ್ ಕಥೆ ಮುಗೀತು. ಮೇಲೆ ಪ್ಯಾಡ್ ವೆಲ್ಡ್ ಮಾಡಿಸಿ ಪ್ಲೇಟ್ ಸೆಟ್ (ಲಾರೀಲಿರೋ ಥರ ಪಟ್ಟಿ ಸ್ಪ್ರಿಂಗು) ಹಾಕ್ಸು, ಯು ಬೋಲ್ಟಲ್ಲಿ ಬಿಗಿ. ಯು ಬೋಲ್ಟು ಯಾಕೆ ಅಂದ್ರೆ ನಾಳೆ ಆಕ್ಸಲ್ ಹಿಂದೆ ಮುಂದೆ ಮಾಡ್ಬೇಕಾದೀತು. ಮಾಡ್ಬೇಕಾಗ್ತದೆ, ಬರೆದಿಟ್ಕೊ.

ಉಳಿಬಾಚಿ (ಬೇಲೂರು)

ಬಡಗಿ ಕೆಲಸದವನು ನಾನು, ಆಕ್ಸಲ್ ಗೊತ್ತಿಲ್ಲ, ಪ್ಲೈ ಗೊತ್ತು. 8×4 ಅಳತೆಯ 18 ಎಂಎಂ ಹಾಳೆ ಒಂದೊಂದು 36 ಕೆಜಿ ಹತ್ತಿರ ತೂಗುತ್ತೆ. 12 ಎಂಎಂ 24, 9 ಎಂಎಂ 18, 6 ಎಂಎಂ 12. ನೆಲ, ಎರಡು ಪಕ್ಕ, ಸೂರು, ಮುಂದೆ ಹಿಂದೆ ಸೇರಿ ಐದು ಹಾಳೆ ಅಂದುಕೊಳ್ಳಿ. ನೀವು ಹೇಳಿದ ಹಾಗೆ ಕಟ್ಟಿದರೆ ಪ್ಲೈ ಒಂದೇ 180 ಕೆಜಿ. ನೆಲಕ್ಕೆ 12, ಪಕ್ಕಕ್ಕೆ 9, ಸೂರಿಗೂ ಮುಂದೆ ಹಿಂದೆಗೂ 6 ಹಾಕಿದರೆ 84ಕ್ಕೆ ಮುಗೀತು. ಗಟ್ಟಿತನ ಹಾಳೆಯಿಂದ ಬರಲ್ಲ, ಒಳಗಿನ ಚೌಕಟ್ಟಿಂದ ಬರುತ್ತೆ.

ಪ್ಲೈ ಕೊಳ್ಳುವಾಗ ಹಾಳೆ ಮೇಲೆ ಐಎಸ್ 710 ಮುದ್ರೆ ನೋಡಿ, ಅದು ಮರೈನ್ ದರ್ಜೆ. ಐಎಸ್ 303 ಮುದ್ರೆಯದು ಮನೆ ಒಳಗಿನ ಕಪಾಟಿಗೆ ಸರಿ, ಮಲೆನಾಡ ಮಳೆಗೆ ಅಂಚು ಬಿಟ್ಟುಕೊಳ್ಳುತ್ತೆ. ಚೌಕಟ್ಟಿಗೆ ದುಡ್ಡು ಸುರೀಬೇಡಿ, ನಿಮ್ಮ ತೋಟದಲ್ಲೇ ಸಿಲ್ವರ್ ಓಕ್ ಮರ ಬಿದ್ದಿರುತ್ತಲ್ಲ. ಕೊಯ್ಸಿ, ಅಟ್ಟದ ಮೇಲೆ ಒಣಗಿಸಿ. ಹಸಿ ಇದ್ದಾಗ ಹೊಡೆದರೆ ತಿರುಚಿಕೊಂಡು ಮೊಳೆ ಸಮೇತ ಎದ್ದು ಬರುತ್ತೆ. ಗೆದ್ದಲಿಗೆ ಗೇರೆಣ್ಣೆ ಬಳೀರಿ, ಕರಾವಳೀಲಿ ದೋಣಿಗೆ ಬಳಿಯೋದು ಅದನ್ನೇ. ಕೈಗವಸು ಹಾಕ್ಕೊಳ್ಳಿ, ಮೈಗೆ ತಾಗಿದರೆ ಗುಳ್ಳೆ ಏಳುತ್ತೆ. ಒಳಗಡೆ ಮುಖಕ್ಕೆ ಮಾತ್ರ ಬೇಡ, ವಾಸನೆಗೆ ಮಲಗೋಕಾಗಲ್ಲ.

ಸುತ್ತಾಡಿ

ಇಷ್ಟೆಲ್ಲ ಯಾಕೆ ಮಾರಾಯ, 4,000ಕ್ಕೆ ಟೆಂಟ್ ಬರುತ್ತೆ 😄

ಅರ್ಧಎಕರೆ (ಸಕಲೇಶಪುರ)

ಟೆಂಟಲ್ಲಿ ಒಂದು ಸಲ ಜುಲೈನಲ್ಲಿ ಮಲಗಿ ನೋಡಿ ತಮ್ಮಾ. ಬೆಳಗ್ಗೆ ಎದ್ದು ಕಾಲ್ಬೆರಳ ಸಂದಿ ಇಂಬಳ ಎಣಿಸುವಾಗ ಈ ಮಾತು ನೆನಪಾಗುತ್ತೆ.

ನಿವೃತ್ತ_ಮೇಷ್ಟ್ರು (ಚಿಕ್ಕಮಗಳೂರು)

ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದೇನೆ ಎಂದುಕೊಳ್ಳಬೇಡಿ. ಕಬ್ಬಿಣ ಕತ್ತರಿಸುವ ಮುಂಚೆ ಕಾನೂನು ನೋಡಿ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(46)ರಲ್ಲಿ ಟ್ರೈಲರ್‌ನ ವ್ಯಾಖ್ಯೆ ಇದೆ: ಮೋಟಾರು ವಾಹನ ಎಳೆಯುವ, ಎಳೆಯಲೆಂದು ಮಾಡಿದ ಯಾವುದೇ ವಾಹನ. ಸೆಮಿ ಟ್ರೈಲರ್, ಸೈಡ್ ಕಾರ್ ಮಾತ್ರ ಹೊರಗೆ. ಎಂಜಿನ್ ಇಲ್ಲ ಎಂದು ನೋಂದಣಿ ತಪ್ಪುವುದಿಲ್ಲ. ಸೆಕ್ಷನ್ 39ರ ಪ್ರಕಾರ ನೋಂದಣಿ ಇಲ್ಲದೆ ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಸಮಾಧಾನದ ಸಂಗತಿಯೆಂದರೆ, 2004ರ ಕೇಂದ್ರ ಅಧಿಸೂಚನೆಯಲ್ಲಿ ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಅಥವಾ ಟ್ರೈಲರ್ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿದೆ. ಅಂದರೆ ಅಂಥದ್ದೊಂದು ಇರಬಹುದು ಎಂದು ಸರ್ಕಾರಕ್ಕೂ ಗೊತ್ತು.

ತೊಡಕಿರುವುದು ಬೇರೆ ಕಡೆ. ನೋಂದಣಿಗೆ ಫಾರಂ 20ರ ಅರ್ಜಿಯ ಜೊತೆ ತಯಾರಕರ ಫಾರಂ 22, ಅಂದರೆ ವಾಹನ ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರ, ಕೇಳುತ್ತಾರೆ. ಅದನ್ನು ಕೊಡುವವರು ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ಮಾದರಿಯನ್ನು ಪರೀಕ್ಷೆ ಮಾಡಿಸಿದವರಾಗಿರಬೇಕು. ಶೆಡ್ಡಿನಲ್ಲಿ ಬೆಸುಗೆ ಹಾಕಿದ್ದಕ್ಕೆ ಆ ಕಾಗದ ಎಲ್ಲಿಂದ ತರುತ್ತೀರಿ?

ಗ್ಯಾರೇಜ್_ಹಾಸನ

ಮೇಷ್ಟ್ರೇ, ನಮ್ ಕಡೆ ಟಿಲ್ಲರ್ ಟ್ರೈಲರು ನೂರಾರು ಓಡಾಡ್ತವೆ, ಯಾರ್ ಕೇಳ್ತಾರೆ?

ನಿವೃತ್ತ_ಮೇಷ್ಟ್ರು (ಚಿಕ್ಕಮಗಳೂರು)

ಯಾರೂ ಕೇಳುವುದಿಲ್ಲ, ಒಬ್ಬರಿಗೆ ಗುದ್ದುವವರೆಗೆ. ಗುದ್ದಿದ ಮೇಲೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಅದನ್ನು. ಮಲಗುವ ಗೂಡು ಕಟ್ಟಿ ತೋಟದೊಳಗೆ ಬಳಸಲಿ, ಸಂತೋಷ. ರಸ್ತೆಗೆ ಬೇಕೆಂದರೆ ಮಂಜೂರಾತಿ ಇರುವ ತಯಾರಕರಿಂದ ಚಾಸಿಸ್ ಕೊಂಡು, ಮೇಲೆ ಏನು ಕಟ್ಟುತ್ತೀರಿ ಎಂಬ ನಕ್ಷೆ ಹಿಡಿದು ಆರ್‌ಟಿಒಗೆ ಮೊದಲೇ ಹೋಗಿ ಕೇಳಲಿ. ಕಟ್ಟಿದ ಮೇಲೆ ಅಲ್ಲ.

ಕಣದಕಾವಲು (ಮೂಡಿಗೆರೆ)

ಮೇಷ್ಟ್ರೇ, ನಿಜ ಹೇಳಬೇಕಂದ್ರೆ ನಾನು ಇದನ್ನ ಯೋಚನೆನೇ ಮಾಡಿರಲಿಲ್ಲ. ಎರಡು ದಿನ ಬೇಜಾರಾಗಿ ಕೂತಿದ್ದೆ. ಆಮೇಲೆ ಲೆಕ್ಕ ಹಾಕಿದೆ, ತುರ್ತಾಗಿ ಬೇಕಿರೋದು ಕಣಕ್ಕೆ. ಮನೆಯಿಂದ ಕಣ, ಕಣದಿಂದ ಕೆರೆ ಪಕ್ಕದ ಗದ್ದೆ, ಎಲ್ಲಾ ನಮ್ಮ ಬೇಲಿ ಒಳಗೇ. ಮೊದಲನೇದು ತೋಟದ ಒಳಗೆ ಮಾತ್ರ. ಆದರೆ ನಾಲ್ಕು ಬೋಲ್ಟ್ ತೆಗೆದರೆ ಮೇಲಿನ ಗೂಡು ಪೂರ್ತಿ ಕಳಚಿ ಬರೋ ಹಾಗೆ ಕಟ್ಟತೀನಿ. ಮುಂದೆ ಕಾಗದ ಇರೋ ಚಾಸಿಸ್ ತಗೊಂಡ ದಿನ ಗೂಡನ್ನ ಎತ್ತಿ ಅದರ ಮೇಲೆ ಕೂರಿಸೋದು. ಗೊರೂರು ಅಲ್ಲಿವರೆಗೆ ಕಾಯಲಿ.

ಆಲ್ಟೋ ಆಕ್ಸಲ್ 6,500ಕ್ಕೆ ಸಿಕ್ತು, ಹಬ್, ರಿಮ್ ಸಮೇತ. ಒಂದು ಅನುಮಾನ ಇದೆ ಅಣ್ಣ. ಟೈರ್ ಹಾಕಿ ಒಳಗಿಂದ ಒಳಕ್ಕೆ ಅಳೆದರೆ 3 ಅಡಿ 9 ಇಂಚು ಬರ್ತಿದೆ. ನನ್ನ ಗೂಡು 4 ಅಡಿ. ಚಕ್ರದ ಮಧ್ಯೆ ಇಳಿಯಲ್ಲ.

ಗ್ಯಾರೇಜ್_ಹಾಸನ

ಎಲ್ಲರೂ ಬೀಳೋ ಗುಂಡಿ ಅದು. ಚಾಸಿಸ್ ಅಗಲ 3 ಅಡಿ ಮಾಡು, ಪ್ಲೇಟ್ ಸೆಟ್ ಅದರ ಕೆಳಗೆ ಬರ್ಲಿ. ಗೂಡು ಟೈರಿನ ಮೇಲೆ ಒಂದೂವರೆ ಇಂಚು ಆಚೆ ಚಾಚ್ಕೊಂಡು ಕೂರ್ಲಿ. ಟೈರು ತಲೆಗೂ ನೆಲದ ಪ್ಲೈಗೂ ನಡುವೆ ನಾಲ್ಕು ಬೆರಳಿಗಿಂತ ಜಾಸ್ತಿ ಜಾಗ ಇರ್ಬೇಕು, ಗುಂಡಿಗೆ ಬಿದ್ದಾಗ ಪ್ಲೇಟು ಕೂರ್ತದಲ್ಲ. ಪೈಪು 50×50, 3 ಎಂಎಂ ಸ್ಕ್ವೇರು. 20 ಅಡಿ ಲೆಂತ್ ಒಂದಕ್ಕೆ 26 ಕೆಜಿ. ನಾಲ್ಕು ಲೆಂತ್ ಸಾಕು, ಎಳೆಯೋ ಮೂತಿ ಸೇರಿ. ಮೂತಿ ಒಂಟಿ ಪೈಪ್ ಮಾಡಬ್ಯಾಡ, ಎ ಆಕಾರದಲ್ಲಿ ಎರಡು ಪೈಪು ಬರ್ಲಿ, ಅವು ಚಾಸಿಸ್ ಕೆಳಗೆ ಅರ್ಧದವರೆಗೂ ಹೋಗ್ಲಿ.

ವೆಲ್ಡರ್ ಹತ್ರ ಹೇಳು, ಪೈಪಿನ ಅಡ್ಡಕ್ಕೆ ಪೂರ್ತಿ ಸುತ್ತ ಹೊಲಿಗೆ ಹಾಕಬ್ಯಾಡ ಅಂತ. ಅಡ್ಡ ಹೊಲಿಗೆ ಪಕ್ಕದಲ್ಲೇ ಬಿರುಕು ಬಿಡೋದು. ಉದ್ದಕ್ಕೆ ಹಾಕ್ಲಿ.

ಕಣದಕಾವಲು (ಮೂಡಿಗೆರೆ)

ಐದು ವಾರ ಆಯ್ತು, ವರದಿ ಒಪ್ಪಿಸ್ತಿದೀನಿ.

ಚಾಸಿಸ್ ಆಯ್ತು. ಸಿಲ್ವರ್ ಚೌಕಟ್ಟು ಆಯ್ತು, ಹನಿ ಆಕಾರ ಬಿಟ್ಟೆ. ಆ ಬಾಗು ಹೊಡೆಯೋಕೆ ಹೋಗಿ ಒಂದು 6 ಎಂಎಂ ಹಾಳೆ ಚಟ್ ಅಂತ ಮುರೀತು. ಈಗ ಬ್ರೆಡ್ ಡಬ್ಬದ ಥರ ಇದೆ, ಮುಂದೆ ಸ್ವಲ್ಪ ಇಳಿಜಾರು. ಚೆಂದ ಇಲ್ಲ, ಆದರೆ ಒಳಗೆ ಜಾಗ ಜಾಸ್ತಿ.

ಮೊನ್ನೆ ಭಾನುವಾರ ಬೊಲೆರೋದಿಂದ ಬಿಚ್ಚಿ ಕಣದಲ್ಲಿ ನಿಲ್ಲಿಸಿದ್ದೆ, ಮೂತಿ ಕೆಳಗೆ ಒಂದು ಇಟ್ಟಿಗೆ. ಅಪ್ಪ ಕಾಫಿ ಲೋಟ ಹಿಡ್ಕೊಂಡು ಬಂದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು, ಬಾಗಿಲು ತೆಗೆದು ಹಾಕಿದರು, ಏನೂ ಮಾತಾಡಲಿಲ್ಲ. ಹಿಂದಿನ ಮುಚ್ಚಳ ಎತ್ತಿ, ಅಡುಗೆ ಕಟ್ಟೆ ಅಂಚಿನ ಮೇಲೆ ಮೆಲ್ಲಗೆ ಕೂತರು. ಕೂತಿದ್ದೇ ತಡ, ಮೂತಿ ಆಕಾಶಕ್ಕೆ ಎದ್ದಿತು. ಹಿಂಭಾಗ ದಡ್ ಅಂತ ಕಣಕ್ಕೆ ಬಡೀತು, ಅಪ್ಪ ಜಾರಿ ಕಾಫಿ ಹಣ್ಣಿನ ರಾಶಿ ಮೇಲೆ ಕೂತರು. ಲೋಟ ಮಾತ್ರ ಕೈಯಲ್ಲೇ ನೆಟ್ಟಗಿತ್ತು, ಒಳಗಿದ್ದ ಕಾಫಿ ಪಂಚೆ ಮೇಲೆ. ಎದ್ದು ಧೂಳು ಕೊಡವಿಕೊಂಡು "ಏತ ಕಟ್ಟಿದೀಯ, ನೀರೆತ್ತಕ್ಕಾಗುತ್ತೆ" ಅಂತ ಹೇಳಿ ಒಳಗೆ ಹೋದರು. ಏಟೇನೂ ಆಗಿಲ್ಲ. ಅಮ್ಮ ಇನ್ನೂ ನಗ್ತಿದ್ದಾರೆ.

ಗ್ಯಾರೇಜ್ ಅಣ್ಣ, ಬರೆದಿಟ್ಕೊ ಅಂದಿದ್ರಲ್ಲ. ಬರೆದಿಟ್ಟಿದ್ದೆ. ಆಕ್ಸಲ್ ನಡುಮಧ್ಯಾನೇ ಇತ್ತು.

ಗ್ಯಾರೇಜ್_ಹಾಸನ

😂😂 ಅಪ್ಪಾಜಿಗೆ ನನ್ ಕಡೆಯಿಂದ ನಮಸ್ಕಾರ ಹೇಳು.

ಈಗ ಮನೇಲಿ ತೂಕ ನೋಡೋ ಮಿಷನ್ ಇದ್ರೆ ಮೂತಿ ಕೆಳಗೆ ಇಡು, ಬೊಲೆರೋ ಹಿಚ್ (ಟ್ರೈಲರ್ ಸಿಕ್ಕಿಸೋ ಕೊಂಡಿ) ಎಷ್ಟು ಎತ್ತರ ಇದ್ಯೋ ಅಷ್ಟೇ ಎತ್ತರಕ್ಕೆ ಮರದ ತುಂಡು ಕೊಡು. ಎಷ್ಟು ತೋರಿಸ್ತದೆ ಹೇಳು. ಪೂರ್ತಿ ತೂಕನೂ ಬೇಕು.

ಕಣದಕಾವಲು (ಮೂಡಿಗೆರೆ)

ಪೂರ್ತಿ ತೂಕ ಕಾಫಿ ಮೂಟೆ ತೂಗೋ ಪ್ಲಾಟ್‌ಫಾರಂ ಮೇಲೆ ಒಂದೊಂದು ಚಕ್ರ ಹತ್ತಿಸಿ ನೋಡಿದೆ, ಮೂತಿದೂ ಸೇರಿ 420 ಕೆಜಿ. ಮೂತಿ ಮೇಲೆ ಬರೀ 12.

ಗ್ಯಾರೇಜ್_ಹಾಸನ

ನೂರಕ್ಕೆ ಮೂರೂ ಇಲ್ಲ. ನೂರಕ್ಕೆ ಹತ್ತು ಬೇಕು, ಹದಿನೈದರ ಒಳಗಿರ್ಲಿ. ನಿಂಗೆ 42ರಿಂದ 60. ಮೂತಿಯಿಂದ ಆಕ್ಸಲ್‌ಗೆ ಎಷ್ಟು ದೂರ?

ಕಣದಕಾವಲು (ಮೂಡಿಗೆರೆ)

227 ಸೆಂಟಿಮೀಟರ್.

ನಿವೃತ್ತ_ಮೇಷ್ಟ್ರು (ಚಿಕ್ಕಮಗಳೂರು)

ಇದು ನನ್ನ ವಿಷಯ, ಮೂವತ್ತು ವರ್ಷ ಭೌತಶಾಸ್ತ್ರ ಹೇಳಿದ್ದೇನೆ, ಅನುಮತಿ ಕೊಡಿ. 12ನ್ನು 227ರಿಂದ ಗುಣಿಸಿ 420ರಿಂದ ಭಾಗಿಸಿದರೆ ಆರೂವರೆ. ಅಂದರೆ ನಿಮ್ಮ ಗೂಡಿನ ಭಾರಕೇಂದ್ರ ಆಕ್ಸಲ್‌ನಿಂದ ಬರೀ ಆರೂವರೆ ಸೆಂಟಿಮೀಟರ್ ಮುಂದಿದೆ. ತಕ್ಕಡಿಯ ಮುಳ್ಳಿನ ಮೇಲೆ ನಿಂತ ಹಾಗೆ. ಆಕ್ಸಲ್ ಅನ್ನು 15 ಸೆಂಟಿಮೀಟರ್ ಹಿಂದಕ್ಕೆ ಸರಿಸಿದರೆ ಆ ಅಂತರ ಇಪ್ಪತ್ತೊಂದೂವರೆ ಆಗುತ್ತದೆ, ಮೂತಿಯ ದೂರ 242. ಈಗ 420ನ್ನು 21.5ರಿಂದ ಗುಣಿಸಿ 242ರಿಂದ ಭಾಗಿಸಿ: 37 ಕೆಜಿ. ಉಳಿದ ಐದಾರು ಕೆಜಿಗೆ ಬ್ಯಾಟರಿಯನ್ನು ಮುಂದಕ್ಕೆ ತಂದರಾಯಿತು.

ಸುತ್ತಾಡಿ

ಮೂತಿ ಹಗುರ ಆದರೆ ಒಳ್ಳೇದಲ್ವಾ, ಕೈಯಲ್ಲಿ ಎತ್ತಿ ತಳ್ಳೋಕೆ ಸುಲಭ?

ಗ್ಯಾರೇಜ್_ಹಾಸನ

ಕೈಯಲ್ಲಿ ತಳ್ಳೋಕೆ ಸುಲಭ, ಗಾಡೀಲಿ ಎಳೆಯೋಕೆ ಸಾವು. ಅನುಭವ ಹೇಳ್ತೀನಿ ಕೇಳು. ಕೆಲವು ವರ್ಷದ ಹಿಂದೆ ಗಿರಾಕಿ ಒಬ್ಬರ ಸಾಮಾನಿನ ಟ್ರೈಲರ್ ಎಳ್ಕೊಂಡು ಚನ್ನರಾಯಪಟ್ಟಣದ ಕಡೆಯಿಂದ ಬರ್ತಿದ್ದೆ. ಕಾಗದ ಪತ್ರ ಎಲ್ಲಾ ಇದ್ದಿದ್ದೇ, ಮೇಷ್ಟ್ರು ಕೇಳೋ ಮುಂಚೆ ಹೇಳಿಬಿಡ್ತೀನಿ. ಜನರೇಟರ್ ಹಿಂದಿನ ಬಾಗ್ಲಿಗೇ ಇಟ್ಟುಬಿಟ್ಟಿದ್ರು, ಇಳಿಸೋಕೆ ಸುಲಭ ಆಗ್ಲಿ ಅಂತ. 50ರವರೆಗೆ ಏನೂ ಗೊತ್ತಾಗ್ಲಿಲ್ಲ. ಇಳಿಜಾರಲ್ಲಿ 70 ದಾಟಿದ್ದೇ, ಹಿಂದೆ ಯಾರೋ ಬಾಲ ಹಿಡಿದು ಅಲ್ಲಾಡಿಸಿದ ಹಂಗೆ ಶುರು. ಮೊದಲು ಸಣ್ಣಗೆ, ಆಮೇಲೆ ನನ್ ಗಾಡಿ ಹಿಂಭಾಗನೇ ಎಳೆದೆಳೆದು ಬಿಸಾಕ್ತಿದೆ. ಬ್ರೇಕ್ ತುಳಿದಿದ್ರೆ ಅಡ್ಡ ಬೀಳ್ತಿದ್ದೆ. ಸ್ಟೇರಿಂಗ್ ನೆಟ್ಟಗೆ ಹಿಡಿದು ಆಕ್ಸಿಲೇಟರ್ ಬಿಟ್ಟೆ, ಅಷ್ಟೆ. ತಾನಾಗೇ ಸ್ಪೀಡ್ ಇಳೀತು, ಅಲ್ಲಾಟ ನಿಂತ್ತು. ಪಕ್ಕಕ್ಕೆ ನಿಲ್ಲಿಸಿ ಜನರೇಟರ್ ಮುಂದಕ್ಕೆ ತಳ್ಳಿ ಕಟ್ಟಿದ್ವಿ. ಅದೇ ಟ್ರೈಲರು, ಅದೇ ರಸ್ತೆ, ಹಾಸನದವರೆಗೆ ಅಲುಗಾಡ್ಲಿಲ್ಲ.

ಕಣದಕಾವಲು (ಮೂಡಿಗೆರೆ)

ಆಕ್ಸಲ್ ಸರಿಸಿದೆ, ವೆಲ್ಡರ್ 1,500 ಜಾಸ್ತಿ ತಗೊಂಡರು. ಮೂತಿ 37, ಮೇಷ್ಟ್ರು ಹೇಳಿದ್ದೇ ಬಂತು. ಬ್ಯಾಟರಿ ಮುಂದಕ್ಕೆ ತಂದ ಮೇಲೆ 46. ಹಿಂದೆ ಎರಡು ಮೂಲೆಗೂ ತಿರುಗಿಸಿ ಇಳಿಸೋ ಜಾಕಿ ಹಾಕಿಸಿದೀನಿ. ಅಪ್ಪ ಮತ್ತೆ ಬಂದು ಕೂತರು, ಈ ಸಲ ಲೋಟ ಕೆಳಗಿಟ್ಟು.

ಹೊರಗಡೆ ಹೊದಿಕೆಗೆ ಏನು ಮಾಡಲಿ ಉಳಿಬಾಚಿ ಅಣ್ಣ? ಅಲ್ಯೂಮಿನಿಯಂ ಹಾಳೆ ರೇಟ್ ಕೇಳಿ ವಾಪಸ್ ಬಂದೆ.

ಉಳಿಬಾಚಿ (ಬೇಲೂರು)

ಬಟ್ಟೆ ಅಂಟಿಸಿ. ನಗಬೇಡಿ. ಕೋರಾ ಬಟ್ಟೆ, ದಪ್ಪನೆಯದು, ಒಗೆದು ಗಂಜಿ ತೆಗೆದು ಒಣಗಿಸಿದ್ದು. ಪ್ಲೈ ಉಜ್ಜಿ, ನೀರು ತಡೆಯೋ ಮರೈನ್ ಗೋಂದನ್ನ ಸ್ವಲ್ಪ ನೀರು ಮಾಡಿ ರೋಲರಲ್ಲಿ ಬಳಿದು, ಬಟ್ಟೆ ಹಾಸಿ, ಮೇಲಿಂದ ಮತ್ತೆ ಗೋಂದು. ನಡುವಿಂದ ಅಂಚಿಗೆ ಕೈಯಲ್ಲಿ ಒತ್ತುತ್ತಾ ಗಾಳಿ ಹೊರಗೆ ಹಾಕಿ. ಒಣಗಿದ ಮೇಲೆ ಹೊರಗೋಡೆಗೆ ಹೊಡೆಯೋ ಎಮಲ್ಷನ್, ಮೊದಲನೇ ಕೈ ನೀರು ಬೆರೆಸಿ ಬಟ್ಟೆ ಕುಡಿಯೋ ಹಾಗೆ, ಆಮೇಲೆ ಮೂರು ಕೈ ಗಟ್ಟಿ. ಸೂರಿನ ಬಟ್ಟೆ ಪಕ್ಕದ ಮೇಲೆ ಮೂರು ಇಂಚು ಇಳೀಬೇಕು, ಹೆಂಚು ಹೊದ್ದ ಹಾಗೆ, ಮೇಲಿನದು ಕೆಳಗಿನದರ ಮೇಲೆ. ಉಲ್ಟಾ ಆದರೆ ನೀರು ಒಳಗೆ ನುಗ್ಗುತ್ತೆ. ಸಂದಿಗೆ ಸಿಲಿಕೋನ್ ತುಂಬಬೇಡಿ, ಅದರ ಮೇಲೆ ಬಣ್ಣ ನಿಲ್ಲಲ್ಲ. ಪಿಯು (ಪಾಲಿಯುರಿಥೇನ್) ಸೀಲೆಂಟ್ ತಗೊಳ್ಳಿ.

ಕಣದಕಾವಲು (ಮೂಡಿಗೆರೆ)

ಬಟ್ಟೆ ಕೆಲಸ ಎರಡು ದಿನದಲ್ಲಿ ಆಯ್ತು. ನಮ್ಮನೆಯವಳು ಸೀರೆಗೆ ಫಾಲ್ ಹಚ್ಚೋ ಅನುಭವದಲ್ಲಿ ಒಂದು ಸುಕ್ಕಿಲ್ಲದೆ ಹಾಸಿದಳು. ನಾನು ಹಾಸಿದ ಎಡಗಡೆ ಪಕ್ಕ ಮಾತ್ರ ಅಜ್ಜಿ ಕೈ ಥರ ಇದೆ.

ಕಿಟಕಿ ಕಥೆ ಹೇಳಲೇಬೇಕು. ಗುಜರಿಯಿಂದ ಓಮ್ನಿ ಪಕ್ಕದ ಎರಡು ಗಾಜು ತಂದೆ, ಹೊಸ ರಬ್ಬರ್ ಬೀಡಿಂಗ್. ಬೀಡಿಂಗ್ ಗಾಜಿಗೆ ಸಿಕ್ಕಿಸೋದು ಸರಿ, ಆದರೆ ಗಾಜು ಸಮೇತ ಅದನ್ನ ಪ್ಲೈ ತೂತಿಗೆ ಕೂರಿಸೋಕೆ ಬೆಳಗ್ಗಿಂದ ಮಧ್ಯಾಹ್ನದವರೆಗೆ ಗುದ್ದಾಡಿದೆ. ಒಂದು ಕಡೆ ಕೂರಿಸಿದರೆ ಇನ್ನೊಂದು ಕಡೆ ಎದ್ದು ಬರುತ್ತೆ. ಪಕ್ಕದ ತೋಟದ ಡ್ರೈವರ್ ನೋಡಿ ನಕ್ಕು ಒಂದು ನೈಲಾನ್ ದಾರ ಕೇಳಿದರು. ಬೀಡಿಂಗ್‌ನ ಹೊರ ಅಂಚಿನ ಸಂದಿಯೊಳಗೆ ದಾರ ಸುತ್ತಲೂ ಇಟ್ಟು, ಎರಡು ತುದಿ ಒಳಗಡೆಗೆ ಬಿಟ್ಟರು. ಸೋಪಿನ ನೀರು ಬಳಿದು ಗಾಜನ್ನ ಹೊರಗಿಂದ ತೂತಿಗೆ ಒತ್ತಿ ಹಿಡಿ ಅಂದರು. ಒಳಗೆ ಕೂತು ದಾರದ ತುದಿ ಮೆಲ್ಲಗೆ ಎಳೀತಾ ಬಂದರು. ದಾರ ಬಂದ ಕಡೆಯೆಲ್ಲ ರಬ್ಬರಿನ ತುಟಿ ಪ್ಲೈ ದಾಟಿ ಪಚಕ್ ಪಚಕ್ ಅಂತ ಒಳಗೆ ಮಡಚಿಕೊಳ್ತು. ಎರಡು ನಿಮಿಷ. ದಾರ ಪೂರ್ತಿ ಕೈಗೆ ಬಂದಾಗ ಗಾಜು ಕೂತಾಗಿತ್ತು.

ಕರೆಂಟ್_ಕಡೂರು

ವೈರಿಂಗ್ ಬಗ್ಗೆ ಯಾರೂ ಮಾತಾಡಿಲ್ಲ. ಬ್ಯಾಟರಿ ಯಾವುದು?

ಕಣದಕಾವಲು (ಮೂಡಿಗೆರೆ)

35 ಎಎಚ್ ಕಾರ್ ಬ್ಯಾಟರಿ ಸರ್. ಮನೇಲಿ ಇನ್ವರ್ಟರ್‌ದು 150 ಎಎಚ್ ಟ್ಯೂಬುಲರ್ ಇತ್ತು, ಎತ್ತಿ ನೋಡಿದೆ, ಸೊಂಟ ಹಿಡ್ಕೊಂಡಿತು.

ಕರೆಂಟ್_ಕಡೂರು

ಒಳ್ಳೇದಾಯ್ತು, ಅದು 50 ಕೆಜಿ ಮೇಲಿರುತ್ತೆ. ಕಾರ್ ಬ್ಯಾಟರಿ ಸೆಲ್ಫ್ ಹೊಡೆಯೋಕೆ ಮಾಡಿದ್ದು, ಪೂರ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತೆ. ಅರ್ಧ ಮಾತ್ರ ಬಳಸಿ, 210 ವ್ಯಾಟ್ ಅವರ್ ಸಿಗುತ್ತೆ. 15 ವ್ಯಾಟಿನ 12 ವೋಲ್ಟ್ ಫ್ಯಾನ್ ಎಂಟು ಗಂಟೆ ಓಡಿದರೆ 120. ಎರಡು 5 ವ್ಯಾಟ್ ಎಲ್‌ಇಡಿ ಮೂರು ಗಂಟೆಗೆ 30. ಎರಡು ಮೊಬೈಲ್‌ಗೆ 30. ಸಾಕಾಯ್ತಲ್ಲ. ದುಡ್ಡಾದಾಗ ಲಿಥಿಯಂ ಐರನ್ ಫಾಸ್ಫೇಟ್ ಹಾಕಿ, ಭಾರ ಅರ್ಧಕ್ಕರ್ಧ ಇಳಿಯುತ್ತೆ. 230 ವೋಲ್ಟ್ ಮಾಡೋ ಇನ್ವರ್ಟರ್ ಇಡಬೇಡಿ, ಎಲ್ಲಾ 12ರಲ್ಲೇ ಸಿಗುತ್ತೆ.

ಫ್ಯೂಸ್ ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ, ಒಂದು ಗೇಣಿನ ಒಳಗೆ. ಸ್ವಿಚ್ ಹತ್ತಿರ ಹಾಕಿದರೆ ನಡುವಿನ ವೈರ್ ಉಜ್ಜಿ ಚಾಸಿಸ್‌ಗೆ ತಾಗಿದಾಗ ಕಾಯೋರು ಯಾರೂ ಇರಲ್ಲ. ಹಿಂದಿನ ಲೈಟಿಗೆ ಅರ್ತ್ ವೈರ್ ಬೇರೆಯಾಗೇ ಎಳೆಯಿರಿ, 7 ಪಿನ್ ಸಾಕೆಟ್‌ನಲ್ಲಿ ಅದಕ್ಕೂ ಪಿನ್ ಇದೆ. ಹಿಚ್ ಬಾಲ್ ಕಬ್ಬಿಣ ತಾನೆ, ಅದರಿಂದಲೇ ಅರ್ತ್ ಆಗುತ್ತೆ ಅಂತ ಬಿಟ್ಟರೆ ಗ್ರೀಸು, ತುಕ್ಕು ಸೇರಿ ಎಡಕ್ಕೆ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿಣಮಿಣ ಅನ್ನುತ್ತೆ.

ಕಣದಕಾವಲು (ಮೂಡಿಗೆರೆ)

ಮೊದಲ ರಾತ್ರಿ ಮಲಗಿದ್ವಿ, ನಾನು ಅಪ್ಪ ಇಬ್ಬರೂ. ಚಳಿ ಅಂತ ಕಿಟಕಿ ಬಾಗಿಲು ಬಿಗಿಯಾಗಿ ಹಾಕ್ಕೊಂಡು. ಗೋಡೆ ಒಳಗೆ ಒಂದಿಂಚು ಥರ್ಮೋಕೋಲ್ ಇದೆ, ಬೆಚ್ಚಗೆ ಚೆನ್ನಾಗಿತ್ತು. ಬೆಳಗ್ಗೆ ಐದಕ್ಕೆ ಹಣೆ ಮೇಲೆ ತಣ್ಣಗೆ ಒಂದು ಹನಿ. ಟಾರ್ಚ್ ಹಾಕಿದರೆ ಸೂರಿನ ತುಂಬ ಬೆವರು, ಗಾಜಿನಿಂದ ನೀರು ಇಳಿದು ಹಾಸಿಗೆ ಅಂಚು ಒದ್ದೆ. ಮಳೆ ಇಲ್ಲ, ಏನಿಲ್ಲ. ಎಲ್ಲಿ ಸೋರ್ತಿದೆ?

ಅರ್ಧಎಕರೆ (ಸಕಲೇಶಪುರ)

ಎಲ್ಲೂ ಸೋರ್ತಿಲ್ಲ ತಮ್ಮಾ, ಅದು ನಿಮ್ಮ ಉಸಿರು. ಅಷ್ಟು ಸಣ್ಣ ಜಾಗದಲ್ಲಿ ಇಬ್ಬರು ರಾತ್ರಿಯಿಡೀ ಬಿಟ್ಟ ಉಸಿರಿನ ನೀರು ಎಲ್ಲಿಗೆ ಹೋಗಬೇಕು? ತಣ್ಣನೆ ಗಾಜಿಗೆ ಕೂರುತ್ತೆ. ಹೀಗೇ ಬಿಟ್ಟರೆ ಹದಿನೈದು ದಿನಕ್ಕೆ ಹಾಸಿಗೆ ತಳಕ್ಕೆ ಬೂಸ್ಟು ಬರುತ್ತೆ. ಕೆಳಗೊಂದು, ಮೇಲೊಂದು ಗಾಳಿ ತೂತು ಬೇಕು, ಎಷ್ಟೇ ಚಳಿ ಇದ್ದರೂ ಮುಚ್ಚದ ಹಾಗೆ. ಸೊಳ್ಳೆ ಜಾಲರಿ ಹೊಡೀರಿ. ಹಾಸಿಗೆ ನೇರ ಪ್ಲೈ ಮೇಲೆ ಹಾಕಬೇಡಿ, ಕೆಳಗೆ ಅಡಿಕೆ ದಬ್ಬೆ ಜೋಡಿಸಿ ಗಾಳಿ ಆಡೋ ಹಾಗೆ ಮಾಡಿ.

ತೂತು ಬರೀ ಬೆವರಿಗಲ್ಲ. ಚಳಿಗೆ ಅಂತ ಅಗ್ಗಿಷ್ಟಿಕೆ ಕೆಂಡ ಒಳಗಿಡೋ ಅಭ್ಯಾಸ ನಮ್ಮ ಕಡೆ ಇದೆ, ಹಿರಿಯರು ಇಟ್ಟುಬಿಡ್ತಾರೆ. ದಯವಿಟ್ಟು ಬೇಡ. ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡ್ ವಿಷಾನಿಲಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಮುಗಿಯುತ್ತೆ. ಗ್ಯಾಸ್ ಒಲೆನೂ ಹೊರಗೇ. 5 ಕೆಜಿ ಸಿಲಿಂಡರ್ ಹಿಂದಿನ ಡಬ್ಬದಲ್ಲಿಟ್ಟರೆ ಆ ಡಬ್ಬದ ತಳದಲ್ಲಿ ತೂತಿರಲಿ, ಅಡುಗೆ ಅನಿಲ ಗಾಳಿಗಿಂತ ಭಾರ, ಕೆಳಗೇ ಇಳಿದು ಕೂರುತ್ತೆ.

ಕಣದಕಾವಲು (ಮೂಡಿಗೆರೆ)

ಅಕ್ಕ, ಅಪ್ಪ ಆ ರಾತ್ರಿ ಕೆಂಡದ ಮಾತೆತ್ತಿದ್ದರು ನಿಜ. ನಿಮ್ಮ ಉತ್ತರ ಓದಿ ಹೇಳಿದೆ. ಸಿಲಿಂಡರ್ ಡಬ್ಬಕ್ಕೆ ಇವತ್ತೇ ತೂತು ಹೊಡೆದೆ.

ಹಿಂದಿನ ಕಟ್ಟೇಲಿ ಒಲೆ, ಅಕ್ಕಿ, ಉಪ್ಪು, ಬಾಳೆಹಣ್ಣು ಎಲ್ಲಾ ಇಡೋ ಡಬ್ಬ ಮಾಡಿದೀನಿ. ಫೋಟೋ ಹಾಕ್ತೀನಿ.

ಅರ್ಧಎಕರೆ (ಸಕಲೇಶಪುರ)

ಆನೆ ಓಡಾಡೋ ಕಡೆನಾ? ಹಾಗಿದ್ದರೆ ಅಕ್ಕಿ, ಉಪ್ಪು, ಬಾಳೆಹಣ್ಣು ರಾತ್ರಿ ಅಲ್ಲಿರಬಾರದು. ನಮ್ಮ ಕಡೆ ಅಕ್ಕಿ ವಾಸನೆಗೆ ಹಿತ್ತಿಲ ಗೋಡೆನೇ ಒರಗಿಸಿ ಹೋಗಿದೆ. 9 ಎಂಎಂ ಪ್ಲೈ ಅದಕ್ಕೆ ಹಪ್ಪಳ. ಆನೆ ಈ ಕಡೆ ಬಂದಿದೆ ಅಂತ ವಾಟ್ಸಾಪ್‌ನಲ್ಲಿ ಬಂದ ದಿನ ಕಾವಲು ಬೇಡ, ಮನೇಲಿ ಮಲಗಿ. ಕಾಫಿ ಹೋದರೆ ಮುಂದಿನ ವರ್ಷ ಬಿಡುತ್ತೆ. ಹಲಸಿನ ಮರದ ಕೆಳಗೂ ನಿಲ್ಲಿಸಬೇಡಿ, ಸಿಲ್ವರ್ ಕೆಳಗೂ ಬೇಡ, ಗಾಳಿಗೆ ಕೊಂಬೆ ಹೇಳದೆ ಕೇಳದೆ ಬೀಳುತ್ತೆ.

ಸುತ್ತಾಡಿ

ಖರ್ಚೆಷ್ಟಾಯ್ತು ಅಂತ ಯಾರೂ ಕೇಳ್ತಿಲ್ಲ. ಟೆಂಟ್ 4,000 ಅಂತ ಮತ್ತೆ ನೆನಪಿಸ್ತಿದೀನಿ.

ಕಣದಕಾವಲು (ಮೂಡಿಗೆರೆ)

60 ಅಂದುಕೊಂಡಿದ್ದು 76,000 ಆಯ್ತು. ಪೈಪು, ಆಕ್ಸಲ್, ಹೊಸ ಟೈರು, ಪ್ಲೇಟ್ ಸೆಟ್, ಕಪ್ಲರ್, ಚೈನು, ಜಾಕಿ ಸೇರಿ ಕಬ್ಬಿಣದ ಕಡೆಗೇ 29,100. ವೆಲ್ಡಿಂಗ್ ಕೂಲಿ ಎರಡನೇ ಸಲದ್ದೂ ಸೇರಿ 10,500. ಪ್ಲೈ, ಮರ ಕೊಯ್ಸಿದ್ದು, ಬಟ್ಟೆ, ಗೋಂದು, ಬಣ್ಣ, ಥರ್ಮೋಕೋಲ್, ಗಾಜು 23,200, ಮುರಿದ ಹಾಳೆ ಇದರಲ್ಲೇ ಬಂತು. ಬ್ಯಾಟರಿ, ಫ್ಯಾನು, ವೈರು 8,700. ಹಾಸಿಗೆ 4,500. ನನ್ನ ಕೂಲಿ, ನಮ್ಮನೆಯವಳ ಕೂಲಿ ಸೊನ್ನೆ. ಟೈರ್ ಹಳೇದು ಹಾಕಿದ್ದರೆ ನಾಲ್ಕು ಸಾವಿರ ಉಳೀತಿತ್ತು, ಆದರೆ ಗುಜರಿಯಲ್ಲಿದ್ದವು ಪಕ್ಕದಲ್ಲಿ ಬಿರುಕು ಬಿಟ್ಟಿದ್ದವು, ಮನಸ್ಸಾಗಲಿಲ್ಲ.

ಸುತ್ತಾಡಿ, ಲೆಕ್ಕದಲ್ಲಿ ನೀನೇ ಗೆದ್ದೆ. ಆದರೆ ಅಪ್ಪ ಈಗ ಕುಯ್ಲು ಮುಗಿದರೂ ಮನೆಗೆ ಬರ್ತಿಲ್ಲ. ರೇಡಿಯೋ, ಎಲೆ ಅಡಿಕೆ ಡಬ್ಬಿ, ಕನ್ನಡಕ ಎಲ್ಲಾ ಒಳಗೆ ಶಿಫ್ಟ್ ಆಗಿದೆ. ಬೀಗದ ಕೈ ಅವರ ಸೊಂಟದಲ್ಲಿದೆ. ನಾನೂ ನಮ್ಮನೆಯವಳೂ ಅದರಲ್ಲಿ ಒಂದು ರಾತ್ರಿನೂ ಮಲಗಿಲ್ಲ.

ನಿವೃತ್ತ_ಮೇಷ್ಟ್ರು (ಚಿಕ್ಕಮಗಳೂರು)

ಹಾಗಿದ್ದರೆ ನೋಂದಣಿಯ ಅವಸರವಿಲ್ಲ.

ಕಣದಕಾವಲು (ಮೂಡಿಗೆರೆ)

ನಿನ್ನೆ ಸಂಜೆ ಮೊದಲ ಮಳೆ ಬಂತು, ಆಲಿಕಲ್ಲು ಸಮೇತ ಮುಕ್ಕಾಲು ಗಂಟೆ. ಸೂರು ಹನಿ ಬಿಟ್ಟಿಲ್ಲ, ಉಳಿಬಾಚಿ ಅಣ್ಣನಿಗೆ ಶರಣು. ನಾನು ಹಾಸಿದ ಸುಕ್ಕಿನ ಪಕ್ಕ ಕೂಡ ಸೋರಿಲ್ಲ. ಆದರೆ ಬಲಗಡೆ ಕಿಟಕಿ ಕೆಳಗಿನ ಮೂಲೇಲಿ ನೀರು ಒಳಗೆ ಬಂದಿದೆ. ಬೀಡಿಂಗ್ ಒತ್ತಿದರೆ ಪಿಚಕ್ ಅಂತ ನೀರು ಚಿಮ್ಮುತ್ತೆ.

ಗ್ಯಾರೇಜ್_ಹಾಸನ

ಬೀಡಿಂಗ್ ಒಳಗೆ ನೀರು ನಿಂತದೆ. ಹೊರಗಡೆ ಮುಖಕ್ಕೆ, ಕೆಳಗಿನ ತುದೀಲಿ ಸಣ್ಣ ತೂತು ಬಿಟ್ಟಿದೀಯಾ, ನೀರು ಆಚೆ ಹೋಗೋಕೆ?

ಕಣದಕಾವಲು (ಮೂಡಿಗೆರೆ)

ಇಲ್ಲ ಅಣ್ಣ. ಎಷ್ಟು ಎಂಎಂ ಡ್ರಿಲ್ ಬಿಟ್‌ನಲ್ಲಿ ಹೊಡೀಲಿ? ಅಪ್ಪ ಒಳಗೆ ಮಲಗಿದ್ದಾರೆ, ಎದ್ದ ಮೇಲೆ ಡ್ರಿಲ್ ತಗೋತೀನಿ.

ಗ್ಯಾರೇಜ್_ಹಾಸನ

ಡ್ರಿಲ್ ಬ್ಯಾಡ, ಗಾಜು ಹೋದೀತು. ಸೈಕಲ್ ಕಡ್ಡಿ ಒಲೇಲಿ ಕಾಯ್ಸಿ ರಬ್ಬರಿಗೆ ಚುಚ್ಚು, ಎರಡು ಕಡೆ.